ಮುನ್ನೂರ ಎರಡರ ಟಾಂಕಿ

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಬಾಷಾ ಗೋರೆಗಾಂವ್‌ನ ನವಸರೋವರ ಸೊಸೈಟಿಯ ಗೇಟಿನಲ್ಲಿ ನಿಂತಿದ್ದ. ನಿಂತಿದ್ದ ಅನ್ನುವುದಕ್ಕಿಂತ ಅವನನ್ನು ನಿಲ್ಲಿಸಿದ್ದರು. ಹದಿನೇಳು ವರ್ಷಗಳಿಂದ "ಆವೋ ಬಾಷಾಭಾಯ್" ಎಂದು ಗೇಟು ತೆಗೆಯುತ್ತಿದ್ದ ವಾಚ್‌ಮನ್ ಇವತ್ತು ಮುಖ ಕೊಟ್ಟು ಮಾತಾಡದೆ ಗೋಡೆಯ ಮೇಲಿನ ಕಾಗದವೊಂದನ್ನು ತೋರಿಸಿದ. ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸಿ, ನಾಲ್ಕು ಮೂಲೆಗೂ ಟೇಪು ಬಡಿದು, ಮಳೆಗಾಲ ಬಂದರೂ ಅಲುಗದ ಹಾಗೆ ಅಂಟಿಸಿದ್ದರು. ಮೇಲೆ ಮರಾಠಿ, ಕೆಳಗೆ ಇಂಗ್ಲಿಷು.

ಬಾಷಾ ಗುಳೇದಗುಡ್ಡದವನು. ಓದಿದ್ದು ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ, ಆದರೆ ಮುಂಬೈ ಅವನಿಗೆ ಮರಾಠಿ ಓದುವುದನ್ನೂ ಕಲಿಸಿತ್ತು. ಬಿ ವಿಂಗಿನ 302ರಲ್ಲಿ ಸೊಸೈಟಿಯ ಅನುಮತಿ ಇಲ್ಲದೆ ಟಾಂಕಿ ಕೂರಿಸಿದ ಪ್ಲಂಬರ್ ಬಾಷಾ ಎಂಬವರಿಗೆ ಇನ್ನು ಪ್ರವೇಶವಿಲ್ಲ. ಇವರ ಕೆಲಸದಿಂದ ಆದ ಸೋರಿಕೆಗೆ ಆಯಾ ಮನೆಯವರೇ ಹೊಣೆ. ಅಪ್ಪಣೆಯ ಮೇರೆಗೆ, ಸೆಕ್ರೆಟರಿ.

ಅವನು ಅದನ್ನು ಮೂರು ಸಲ ಓದಿದ. ಮೂರನೆಯ ಸಲ ಓದುವಾಗ ಕಿವಿ ಬಿಸಿಯಾಯಿತು.

"ಟಾಂಕಿ!" ಎಂದ ಜೋರಾಗಿ. ಗೇಟಿನ ಪಕ್ಕದ ಇಸ್ತ್ರಿ ಅಂಗಡಿಯವನು ತಲೆಯೆತ್ತಿ ನೋಡಿದ.

ಅವನು ಕೂರಿಸಿದ ವಸ್ತು ಸಿಪ್ಪೆ ಸುಲಿಯದ ಒಂದು ತೆಂಗಿನಕಾಯಿಯಷ್ಟಿತ್ತು. ಕೆಂಪು ಬಣ್ಣದ ಕಬ್ಬಿಣದ ಗುಂಡು, ಒಳಗೊಂದು ರಬ್ಬರಿನ ಚೀಲ, ಚೀಲದ ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ಅದರಲ್ಲಿ ಒಂದು ಬಕೆಟ್ ನೀರು ಶೇಖರಿಸುವುದಿರಲಿ, ಬೆಕ್ಕಿಗೆ ಸ್ನಾನ ಮಾಡಿಸುವಷ್ಟೂ ಹಿಡಿಯುವುದಿಲ್ಲ. ಅದಕ್ಕೆ ಇವರು ಟಾಂಕಿ ಅಂದರು, ಅನುಮತಿ ಅಂದರು, ಪ್ರವೇಶವಿಲ್ಲ ಅಂದರು, ಅದನ್ನು ದಾರಿಯಲ್ಲಿ ಹೋಗುವವರೆಲ್ಲ ಓದಲಿ ಎಂದು ಬೀದಿಗೆ ಮುಖಮಾಡಿ ಅಂಟಿಸಿದರು. ಈ ಗೇಟಿನ ವಾಚ್‌ಮನ್ ಪಕ್ಕದ ಗೇಟಿನ ವಾಚ್‌ಮನ್ ಜೊತೆ ಚಹಾ ಕುಡಿಯುವವನು. ಸಂಜೆಯೊಳಗೆ ಈ ಗಲ್ಲಿಯ ಎಂಟು ಬಿಲ್ಡಿಂಗಿಗೂ ಸುದ್ದಿ ಹೋಗುತ್ತದೆ. ದಹಿಸರ್‌ನಿಂದ ದಿನಾ ಲೋಕಲ್ ಹಿಡಿದು ಬರುವ ಬಾಷಾನಿಗೆ ಈ ಎಂಟು ಗೇಟುಗಳೇ ಅನ್ನ. ಬೋರ್ಡು ಹಾಕಿದ ಅಂಗಡಿ ಅವನಿಗಿಲ್ಲ, ಇರುವುದು ಹೆಸರೊಂದೇ. ಆ ಹೆಸರಿಗೆ ಟೇಪು ಬಡಿದಿದ್ದರು.

ಸಂಗತಿ ಏನೆಂದರೆ, ಎರಡು ತಿಂಗಳ ಹಿಂದೆ ಸೊಸೈಟಿಯವರು ಬಿ ವಿಂಗಿನ ತಾರಸಿಗೆ ಪ್ರೆಶರ್ ಪಂಪು ತಂದು ಕೂರಿಸಿದ್ದರು. ಜೊತೆಗೆ ಪ್ರತಿ ಮನೆಯ ನೀರಿನ ಮೀಟರಿನ ಹತ್ತಿರ ಒಂದೊಂದು ಹಿತ್ತಾಳೆಯ ತುಂಡು. ಅದು ನೀರನ್ನು ಒಳಗೆ ಬಿಡುತ್ತದೆ, ಹಿಂದೆ ಹೋಗಗೊಡುವುದಿಲ್ಲ. ಪ್ಲಂಬರುಗಳು ಅದನ್ನು ಎನ್‌ಆರ್‌ವಿ ಅನ್ನುತ್ತಾರೆ. ಪಂಪಿನ ಗುತ್ತಿಗೆ ಹಿಡಿದವನು ಪ್ರಶಾಂತ ಎಂಬ ಇಸ್ತ್ರಿ ಅಂಗಿಯ ಮನುಷ್ಯ. ಅವನು ಬಂದುಹೋದ ವಾರದಿಂದಲೇ ಬಿ ವಿಂಗಿನ ಗೀಸರುಗಳು ಒಂದೊಂದಾಗಿ ತೊಟ್ಟಿಕ್ಕತೊಡಗಿದವು. ಗೀಸರಿನ ಸೇಫ್ಟಿ ವಾಲ್ವಿನ ಸಣ್ಣ ಬಾಯಿಯಿಂದ ಟಪ್, ಟಪ್, ಟಪ್. ಜನ ವಾಲ್ವು ಬದಲಿಸಿದರು. ಹೊಸ ವಾಲ್ವೂ ತೊಟ್ಟಿಕ್ಕಿತು. 302ರ ಬಚ್ಚಲಿನ ನೀರು ಇಳಿದು ಕೆಳಗಿನ 202ರ ಹೊಸ ಫಾಲ್ಸ್ ಸೀಲಿಂಗಿನ ಮೇಲೆ ಹಳದಿ ಕಲೆ ಬಿತ್ತು. 202 ಯಾರದ್ದು? ಸೆಕ್ರೆಟರಿ ಕಿಶೋರ ಸೇಠರದ್ದು. ಕಾರ್ಕಳದ ಕಡೆಯವರು, ಸ್ಟೇಷನ್ ಹತ್ತಿರ ಹೋಟೆಲ್ ಇಟ್ಟವರು. ಬೇರೆ ಯಾರ ಮನೆಯ ಸೀಲಿಂಗು ಕಲೆಯಾಗಿದ್ದರೂ ಇಷ್ಟು ಟೇಪು ಖರ್ಚಾಗುತ್ತಿರಲಿಲ್ಲ.

302ರ ಸೇವಂತಿ ಅಕ್ಕ ಬಾಷಾನನ್ನು ಕರೆಸಿದ್ದರು. ಅವನು ವಾಲ್ವು ನೋಡಿದ, ಮೀಟರು ನೋಡಿದ, ತಾರಸಿಗೆ ಹತ್ತಿ ಪಂಪು ನೋಡಿದ. ಇಳಿದು ಬಂದು ಚಹಾದ ಲೋಟ ಹಿಡಿದು ಹೇಳಿದ್ದ.

"ಅಕ್ಕಾರ, ನೀರು ಕಾದ್ರ ಉಬ್ಬತೈತಿ. ಭಾಳ ಅಲ್ಲ. ನಿಮ್ಮ ಗೀಸರ್ ತುಂಬ ನೀರು ಕಾದ್ರ ಅರ್ಧ ಚೊಂಬು ಹೆಚ್ಚಾಗತೈತಿ, ಅಷ್ಟ. ಮೊದಲ ಆ ಅರ್ಧ ಚೊಂಬು ಬಂದ ದಾರೀಲೇ ಮ್ಯಾಲಿನ ಟಾಂಕಿಗೆ ವಾಪಸ್ ಹೋಗ್ತಿತ್ತು. ಯಾರಿಗೂ ಗೊತ್ತ ಆಗ್ತಿದ್ದಿಲ್ಲ. ಈಗ ಆ ದಾರಿಗೆ ಬಾಗಿಲ ಹಾಕ್ಯಾರ. ಎಲ್ಲಿ ಹೋಗಬೇಕ್ರಿ ಅದು? ವಾಲ್ವಿನ ಬಾಯಾಗ ಬರ್ತೈತಿ. ವಾಲ್ವ್ ಕೆಟ್ಟಿಲ್ಲ, ತನ್ನ ಕೆಲಸ ತಾ ಮಾಡಾಕ್ಹತ್ತೈತಿ."

"ಹಾಗಾದ್ರೆ ಎಂತ ಮಾಡೂದು ಮಾರಾಯ್ರೆ?"

"ಆ ಅರ್ಧ ಚೊಂಬಿಗೆ ಕುಂದ್ರಾಕ ಜಾಗಾ ಕೊಡಬೇಕ್ರಿ. ಸಣ್ಣದೊಂದು ಟಾಂಕಿ ಬರ್ತೈತಿ. ಎಕ್ಸ್‌ಪಾನ್ಶನ್ ಟ್ಯಾಂಕ್ ಅಂತಾರ."

"ಎಲ್ಲ ಗೀಸರಿಗೂ ಅದು ಬೇಕಾ?"

"ಎಲ್ಲಾರಿಗೂ ಯಾಕ? ವಾಪಸ್ ಹೋಗಾಕ ದಾರಿ ಇದ್ದವ್ರಿಗೆ ಬ್ಯಾಡ. ಸಿ ವಿಂಗಿನವ್ರು ಕೇಳಿದ್ರು, ನಿಮಗ ಪಂಪ್ ಹಾಕಿಲ್ಲ, ಬ್ಯಾಡ ಅಂತ ಹೇಳಿ ಬಂದೀನಿ."

ಕೆಂಪು ಗುಂಡು ಕೂರಿಸಿದ ದಿನದಿಂದ 302ರಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಅದಕ್ಕೆ ಬಹುಮಾನವಾಗಿ ಈ ಕಾಗದ.

ಬಾಷಾ ಗೇಟಿನ ಹೊರಗಿನಿಂದಲೇ ಸೇವಂತಿ ಅಕ್ಕನಿಗೆ ಫೋನು ಮಾಡಿದ. ಐದು ನಿಮಿಷದಲ್ಲಿ ಅವರು ಕೈಗೆ ಅಕ್ಕಿಹಿಟ್ಟು ಮೆತ್ತಿಕೊಂಡೇ ಇಳಿದು ಬಂದರು. ಗಂಡ ರಮಾನಾಥರು ವಡಾಲದಲ್ಲಿ ಯಾವುದೋ ಮದುವೆಗೆ ಹೋಗಿದ್ದರು, ಇಲ್ಲದಿದ್ದರೆ ಅವರನ್ನೂ ಎಳೆದು ತರುತ್ತಿದ್ದರೋ ಏನೋ. ಕಾಗದ ಓದಿದ ಮೇಲೆ ಅವರ ಮುಖ ಬಾಡಿತು.

"ಇದು ನನ್ನಿಂದ ಆದದ್ದು ಬಾಷಾ," ಎಂದರು. "ಮೊನ್ನೆ ಶುಕ್ರವಾರ ಭಜನೆಯಲ್ಲಿ ಎಲ್ಲ ಹೆಂಗಸ್ರು ಗೀಸರ್ ಗೀಸರ್ ಅಂತ ಅಳ್ತಾ ಇದ್ರು. ನಾನು ಸ್ವಲ್ಪ ಜಂಬದಲ್ಲಿ ಹೇಳಿಬಿಟ್ಟೆ, ನಮ್ಮಲ್ಲಿ ಬಾಷಾ ಟಾಂಕಿ ಹಾಕಿದ್ದಾರೆ, ನಮಗೆ ಚಿಂತೆ ಇಲ್ಲ ಅಂತ. ಈ ಬಿಲ್ಡಿಂಗಿನಲ್ಲಿ ಟಾಂಕಿ ಅಂದ್ರೆ ಎಂತದು ಅಂತ ನಂಗೆ ನೆನಪೇ ಆಗ್ಲಿಲ್ಲ."

ಬಾಷಾನಿಗೆ ಆಗ ಹೊಳೆಯಿತು. ಅವನು ಈ ಬಿಲ್ಡಿಂಗಿಗೆ ಬರತೊಡಗುವ ಮೊದಲಿನ ಕಥೆ ಅದು. ನೀರಿಲ್ಲದ ಒಂದು ಬೇಸಿಗೆಯಲ್ಲಿ ಜನರೆಲ್ಲ ಮನೆಯ ಅಟ್ಟದ ಮೇಲೆ ಕಪ್ಪು ಟಾಂಕಿ ಏರಿಸಿಕೊಂಡಿದ್ದರು. ಎ ವಿಂಗಿನ ಒಂದು ಮನೆಯಲ್ಲಿ ಐನೂರು ಲೀಟರಿನ ಟಾಂಕಿ ಅಟ್ಟದ ಸಮೇತ ಕೆಳಗೆ ಬಂದಿತ್ತು. ಅಂದಿನಿಂದ ನವಸರೋವರದಲ್ಲಿ ಮನೆಯೊಳಗೆ ಟಾಂಕಿ ಇಡಬಾರದೆಂಬ ಠರಾವು, ಟಾಂಕಿ ಇಟ್ಟವನೆಂದರೆ ಅಕ್ಕಪಕ್ಕದವರ ನೀರು ಕದ್ದು ಕೂಡಿಡುವವನೆಂಬ ಅರ್ಥ. ಹೆಸರಿನಲ್ಲಿ ಸರೋವರವಿದ್ದರೂ ನಲ್ಲಿಯಲ್ಲಿ ಎರಡೇ ಗಂಟೆ ನೀರು ಬರುವ ಜಾಗವದು. ಅಲ್ಲಿನ ಸಿಟ್ಟು ಅವನಿಗೆ ಅರ್ಥವಾಗುತ್ತಿತ್ತು. ಅರ್ಥವಾಗದ್ದು ಇಷ್ಟೇ: ಯಾರಾದರೂ ಒಬ್ಬರು ಮೂರು ಮಹಡಿ ಹತ್ತಿ ಹೋಗಿ ಆ ಟಾಂಕಿ ಎಷ್ಟು ದೊಡ್ಡದೆಂದು ನೋಡಬಾರದಿತ್ತೇ?

"ಒಬ್ರೂ ನೋಡಾಕ ಬರಲಿಲ್ಲಾ?" ಎಂದು ಕೇಳಿದ.

"ಯಾರೂ ಇಲ್ಲ. ಬನ್ನಿ, ನಾನು ಕರ್ಕೊಂಡು ಹೋಗ್ತೇನೆ. ನಮ್ಮ ಮನೆಗೆ ಬರುವ ನೆಂಟರನ್ನು ಯಾರು ತಡೀತಾರೆ ನೋಡುವಾ." ಸೇವಂತಿ ಅಕ್ಕ ವಾಚ್‌ಮನ್‌ನ ಪುಸ್ತಕ ಎಳೆದುಕೊಂಡು ಬಾಷಾನ ಹೆಸರು ಬರೆದರು. ಕಾರಣ ಎಂಬ ಕಾಲಮ್ಮಿನಲ್ಲಿ 'ಗೆಸ್ಟ್' ಎಂದು ಬರೆಯಹೋದರು.

"ಬ್ಯಾಡ್ರಿ ಅಕ್ಕಾರ." ಬಾಷಾ ಪುಸ್ತಕದ ಮೇಲೆ ಕೈ ಇಟ್ಟ. "ನಾ ನೆಂಟ ಅಲ್ಲ. ಹದಿನೇಳು ವರ್ಷ ಈ ಬುಕ್ಕಿನಾಗ ಪ್ಲಂಬರ್ ಅಂತ ಬರದೀನಿ. ಹಂಗ ಬರೀರಿ, ಇಲ್ಲಾಂದ್ರ ನಾ ಹೋಗ್ತೀನಿ."

ವಾಚ್‌ಮನ್ ತಲೆ ಅಲ್ಲಾಡಿಸಿದ. ಪ್ಲಂಬರ್ ಎಂದು ಬರೆದರೆ ಅವನ ನೌಕರಿ ಹೋಗುತ್ತದೆ. ಬಾಷಾ ಚೀಲ ಹೆಗಲಿಗೇರಿಸಿ ತಿರುಗಿದ. ಅವಮಾನ ಆದ ಕಡೆ ನೀರು ಕುಡಿಯುವ ಮನುಷ್ಯನಲ್ಲ ಅವನು.

"ಹೋಗಿ, ನಾನು ಎಂತ ಹೇಳ್ಲಿ," ಎಂದರು ಸೇವಂತಿ ಅಕ್ಕ ಹಿಂದಿನಿಂದ. "ಆ ಪ್ರಶಾಂತ ನಿನ್ನೆ ಬಂದು ಹನ್ನೊಂದು ಮನೆಗೆ ಸೋರೂದು ನಿಲ್ಲಿಸಿ ಕೊಟ್ಟಿದ್ದಾನೆ. ಕಿಶೋರಣ್ಣನ ಮನೆಗೂ. ಅವನೀಗ ದೊಡ್ಡ ಜನ."

ಬಾಷಾ ನಿಂತ. "ಹೆಂಗ ನಿಲ್ಲಿಸಿದ?"

"ವಾಲ್ವಿನ ಬಾಯಿಗೆ ಎಂತದೋ ಬೂಚು ತಿರುಗಿಸಿದನಂತೆ."

ಬಾಷಾನ ಮುಖದ ಮೇಲಿದ್ದ ಸಿಟ್ಟು ಒಂದು ಕ್ಷಣ ಎಲ್ಲಿಗೋ ಹೋಗಿ, ಇಮ್ಮಡಿಯಾಗಿ ತಿರುಗಿ ಬಂತು. ನೀರು ಹಿಂದೆ ಹೋಗುವ ದಾರಿ ಮುಚ್ಚಿದವನೂ ಅವನೇ. ಹೊರಗೆ ಬರುವ ಬಾಯಿ ಮುಚ್ಚಿದವನೂ ಅವನೇ. ಈಗ ಹನ್ನೊಂದು ಬಚ್ಚಲುಗಳಲ್ಲಿ ಹನ್ನೊಂದು ಗೀಸರುಗಳು ಉಸಿರು ಬಿಗಿಹಿಡಿದು ನೇತಾಡುತ್ತಿವೆ, ಕೆಳಗೆ ಜನ ಮೈಗೆ ಸೋಪು ಹಚ್ಚಿಕೊಂಡು ಹಾಡು ಹೇಳುತ್ತಿದ್ದಾರೆ.

"ಏನರ ಬರಕೋರಿ," ಎಂದ ವಾಚ್‌ಮನ್ ಕಡೆ ತಿರುಗಿ. "ನೆಂಟ ಅಂತ ಬರೀರಿ, ಬೀಗರಂತ ಬರೀರಿ. ಗೇಟ್ ತಗೀರಿ ಮೊದಲ."

202ರ ಬಾಗಿಲು ತೆರೆದವರು ಕಿಶೋರ ಸೇಠರ ಹೆಂಡತಿ ನಮಿತಾ. ತಲೆಗೆ ಎಣ್ಣೆ ಹಚ್ಚಿ, ಹೆಗಲಿಗೆ ಟವೆಲು ಹಾಕಿ ಸ್ನಾನಕ್ಕೆ ಹೊರಟಿದ್ದರು. ಸೇಠರು ಸೋಫಾದ ಮೇಲೆ ಪೇಪರು ಹರಡಿಕೊಂಡಿದ್ದರು. ಬಾಷಾನನ್ನು ಕಂಡು ಅವರು ಪೇಪರು ಮಡಚಲಿಲ್ಲ, ಕನ್ನಡಕ ಮಾತ್ರ ಕೆಳಗಿಳಿಸಿದರು.

"ನೀನು ಒಳಗೆ ಹೇಗೆ ಬಂದೆ?"

"ಗೀಸರ್ ಚಾಲೂ ಐತೇನ್ರಿ?" ಎಂದು ಬಾಷಾ ನಮಿತಾ ಅವರನ್ನು ಕೇಳಿದ. ಅವರು ಹೌದೆಂದರು, ಈಗಷ್ಟೇ ಹಾಕಿದ್ದು. "ಆಫ್ ಮಾಡಿ ಬರ್ರಿ. ಸ್ನಾನಕ್ಕ ಹೋಗಬ್ಯಾಡ್ರಿ."

"ಏಯ್, ನೋಟೀಸು ಓದಲಿಲ್ವಾ ನೀನು?" ಸೇಠರು ಎದ್ದರು. "ಮೇಲಿನ ಮನೆಗೆ ಟಾಂಕಿ ಕೂರಿಸಿ ನನ್ನ ಸೀಲಿಂಗ್ ಹಾಳು ಮಾಡಿದ್ದು ಸಾಕಾಗ್ಲಿಲ್ಲ, ಈಗ ನನ್ನ ಹೆಂಡ್ತಿಗೆ ಸ್ನಾನ ಮಾಡ್ಬೇಡ ಅಂತ ಹೇಳ್ಲಿಕ್ಕೆ ಬಂದದ್ದಾ?"

"ಸೇಠ್, ನಿಮ್ಮ ಹೋಟೆಲ್‌ನಾಗ ಕುಕ್ಕರ್ ಸೀಟಿ ಹೊಡದ್ರ, ಗದ್ದಲಾ ಆತು ಅಂತ ಸೀಟಿ ಮ್ಯಾಗ ಕಲ್ಲು ಹೇರತೀರೇನ್ರಿ?"

ಮೂವತ್ತು ವರ್ಷ ಹೋಟೆಲ್ ನಡೆಸಿದ ಸೇಠರು ಸೀಟಿಯ ಮಾತು ಬಿಟ್ಟು ಬೇರೆ ಮಾತು ಹಿಡಿದರು. "ಪ್ರಶಾಂತ್ ಇಂಜಿನಿಯರು," ಎಂದರು. "ನೀನು ಎಂತ?"

ಈ ಮಾತು ಬಾಷಾನಿಗೆ ನಾಟಿತು. ಹದಿನೇಳು ವರ್ಷದಲ್ಲಿ ಈ ಮನೆಯ ಸಂಡಾಸಿನ ಬ್ಲಾಕೇಜಿನಿಂದ ಹಿಡಿದು ಇವರ ಮಗಳ ಮದುವೆಯ ದಿನ ಒಡೆದ ಪೈಪಿನವರೆಗೆ ಇವನ ಕೈಯೇ ಬೇಕಾಗಿತ್ತು. ಆಗೆಲ್ಲ ಯಾರೂ ನೀನು ಎಂತ ಎಂದು ಕೇಳಿರಲಿಲ್ಲ.

"ನಾ ಏನಂತ ನಾ ಹೇಳೂದಿಲ್ಲ, ಮುಳ್ಳು ಹೇಳತೈತಿ," ಎಂದು ಅವನು ಚೀಲದಿಂದ ಪ್ರೆಶರ್ ಗೇಜು ತೆಗೆದ. ಗಡಿಯಾರದಂಥ ದುಂಡು ಮುಖ, ಸೊನ್ನೆಯಿಂದ ಹದಿನಾರರವರೆಗೆ ಅಂಕಿ, ಕಪ್ಪು ಮುಳ್ಳು. ಯಾರ ಅಪ್ಪಣೆಗೂ ಕಾಯದೆ ಸ್ವಿಚ್ ಆರಿಸಿ ಬಚ್ಚಲಿಗೆ ಹೋಗಿ, ಗೀಸರಿನ ಮೈ ಮುಟ್ಟಿ ನೋಡಿ, ಬಿಸಿ ನೀರು ಸ್ವಲ್ಪ ಹರಿಯಬಿಟ್ಟ. ಆಮೇಲೆ ಶವರಿನ ಕೊಳವೆ ಬಿಚ್ಚಿ ಅಲ್ಲಿ ಗೇಜು ತಿರುಗಿಸಿದ. ಬೇರೆ ನಲ್ಲಿಗಳನ್ನೆಲ್ಲ ಮುಚ್ಚಿದ. ಮುಳ್ಳು ಮೂರರ ಮೇಲೆ ನಿಂತಿತು.

"ಇದು ನಿಮ್ಮ ಪಂಪಿನ ಜೋರು. ಮೂರು. ಈಗ ಗೀಸರ್ ಮ್ಯಾಲಿನ ಚೀಟಿ ಓದ್ರಿ. ಎಷ್ಟು ತಡೀತೈತಿ ಅಂತ ಬರದಾರ?"

ಕನ್ನಡಕ ಏರಿಸಿ ಸೇಠರೇ ಓದಿದರು. "ಎಂಟು."

"ಸ್ವಿಚ್ ಹೊರಗ ಐತಲ್ಲ, ನೀವ ನಿಂದರ್ರಿ ಅಲ್ಲಿ. ನಾ ಅಂದ ಕೂಡ್ಲೆ ಬಂದ್ ಮಾಡಬೇಕು. ಅಕ್ಕಾರ, ನೀವು ಇಬ್ರೂ ಅಡಿಗಿಮನಿಗೆ ಹೋಗ್ರಿ."

ಸೇವಂತಿ ಅಕ್ಕ ಅಡಿಗೆಮನೆಗೆ ಹೋಗಲಿಲ್ಲ, ನಮಿತಾ ಅವರನ್ನೂ ಬಿಡಲಿಲ್ಲ. ಇಬ್ಬರೂ ಹಾಲಿನ ಕೊನೆಗೆ ನಿಂತು ಕತ್ತು ಚಾಚಿದರು. ಸೇಠರು ಸ್ವಿಚ್ ಹಾಕಿದರು. ಬಾಷಾ ಬಚ್ಚಲಿನ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದತೊಡಗಿದ.

ಮೊದಲು ಏನೂ ಆಗಲಿಲ್ಲ. ಸೇಠರ ಮುಖದಲ್ಲಿ ಸಣ್ಣ ನಗೆ ಮೂಡಿತು. ಆಮೇಲೆ ಮುಳ್ಳು ಅಲುಗಿತು. "ಮೂರೂವರಿ," ಎಂದ ಬಾಷಾ. "ನಾಲ್ಕು." ನಗೆ ಅಲ್ಲೇ ಇತ್ತು. "ಐದು." ನೀರಿನ್ನೂ ಉಗುರು ಬೆಚ್ಚಗೂ ಆಗಿರಲಿಕ್ಕಿಲ್ಲ. "ಆರು. ಆರೂವರಿ." ಗೀಸರಿನ ಒಳಗೆಲ್ಲೋ ಕಟ್ ಎಂದು ತಗಡು ಸಣ್ಣಗೆ ಸದ್ದು ಮಾಡಿತು. ನಮಿತಾ ಸೇವಂತಿ ಅಕ್ಕನ ತೋಳು ಹಿಡಿದುಕೊಂಡರು. "ಏಳು," ಎಂದ ಬಾಷಾ 'ಬಂದ್ ಮಾಡ್ರಿ' ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಸೇಠರು ಸ್ವಿಚ್ ಆರಿಸಿಬಿಟ್ಟಿದ್ದರು. ಮೇನ್ ಸ್ವಿಚ್ಚನ್ನೂ ಆರಿಸಿದ್ದರು. ಫ್ಯಾನು ನಿಂತು ಮನೆಯೆಲ್ಲ ನಿಶ್ಶಬ್ದವಾಯಿತು.

ಬಾಷಾ ನಲ್ಲಿ ತಿರುಗಿಸಿ ಒತ್ತಡ ಇಳಿಸಿದ. ಸ್ಪ್ಯಾನರು ಹಾಕಿ ವಾಲ್ವಿನ ಬಾಯಿಯ ಬೂಚು ಬಿಚ್ಚಿದ. ಹೆಬ್ಬೆರಳಿನ ತುದಿಯಷ್ಟು ಹಿತ್ತಾಳೆ. ಅದನ್ನು ತಂದು ಸೇಠರ ಪೇಪರಿನ ಮೇಲಿಟ್ಟ. ವಾಲ್ವಿನ ಕೆಳಗೆ ಒಂದು ಬಕೆಟು ಇಟ್ಟು ಬಂದ.

"ನಿಮ್ಮ ಇಂಜಿನಿಯರಂದು. ವಾಪಸ್ ಕೊಡ್ರಿ ಅವಂಗ," ಎಂದ. "ಸೇಠ್, ನನ್ನ ಬಯ್ರಿ, ಪರವಾಗಿಲ್ಲ. ಹನ್ನೊಂದು ಮನ್ಯಾಗ ಹೆಂಗಸ್ರು ಮಕ್ಳು ಇದರ ತೆಳಗ ಕುಂತು ಜಳಕ ಮಾಡ್ತಾರ. ಇದನ್ನ ಹಾಕಿದವಂಗ ಚಹಾ ಕೊಟ್ಟು ಕಳಿಸೀರಿ, ಸರಿ ಮಾಡಿದವನ ಹೆಸರು ಗ್ವಾಡಿಗೆ ಬಡದೀರಿ!"

ಸೇಠರು ಮೇನ್ ಸ್ವಿಚ್ ಹಾಕಿ, ಚಪ್ಪಲಿ ಮೆಟ್ಟಿಕೊಂಡು 302ಕ್ಕೆ ಹತ್ತಿದರು. ಅಲ್ಲೂ ಬಾಷಾನಿಂದ ಗೇಜು ಹಾಕಿಸಿ, ಗೀಸರು ಪೂರ್ತಿ ಕಾದು ದೀಪ ಆರುವವರೆಗೆ ಮುಳ್ಳು ನೋಡಿದರು. ಮೂರರಿಂದ ಮೂರೂವರೆಗೆ ಬಂದು ಅಲ್ಲೇ ಕೂತಿತು. ಅವರು ಕೆಂಪು ಗುಂಡನ್ನು ಬೆರಳಿನಿಂದ ತಟ್ಟಿದರು.

"ಇಷ್ಟೇಯಾ?"

"ಇಷ್ಟೇ ಟಾಂಕಿ ಕಿಶೋರಣ್ಣ," ಎಂದರು ಸೇವಂತಿ ಅಕ್ಕ. "ಇಡೀ ಬಿಲ್ಡಿಂಗಿನ ನೀರು ಇದರಲ್ಲೇ ಅಡಗಿಸಿ ಇಟ್ಟದ್ದು ನಾವು."

ಸೇಠರು ಗುಂಡಿನಿಂದ ಕೈ ತೆಗೆದರು. ಆದರೆ ಸೆಕ್ರೆಟರಿಯಾದವರು ಸುಮ್ಮನೆ ಸೋಲುವುದುಂಟೇ? ಪ್ರಶಾಂತನನ್ನು ನಾಳೆಯೇ ಕರೆಸಿ ಉಗಿಯುತ್ತೇನೆ ಎಂದರು. ಎಲ್ಲ ಬೂಚುಗಳನ್ನು ಇವತ್ತೇ ತೆಗೆಸಿ ಎಲ್ಲ ಮನೆಗೂ ಈ ಗುಂಡು ಹಾಕಿಸಬೇಕು ಎಂದರು. "ಒಂದೇ ವಿಷಯ. ಟಾಂಕಿ ಅಂತ ಮಾತ್ರ ಹೇಳುದು ಬೇಡ, ಬಾಟ್ಲಿ ಅಂತ ಹೇಳುವಾ. ಮತ್ತೆ ಆ ನೋಟೀಸು ಕಮಿಟಿಯ ಠರಾವು, ಹಾಗೆಲ್ಲ ಕೀಳ್ಲಿಕ್ಕೆ ಆಗುದಿಲ್ಲ. ಮುಂದಿನ ಮೀಟಿಂಗಿನವರೆಗೆ ಇರ್ಲಿ. ನೀನು ಇವತ್ತು ಬಂದ ಹಾಗೆಯೇ ಗೆಸ್ಟ್ ಅಂತ ಬರೆದು ಬಾ, ಕೆಲಸ ಮಾಡಿ ಹೋಗು. ಯಾರು ಕೇಳ್ತಾರೆ?"

ಬಾಷಾ ಅವರನ್ನೇ ನೋಡಿದ. ಇಷ್ಟು ಹೊತ್ತು ಆದದ್ದೆಲ್ಲ ಒಂದು ತೂಕ, ಈ ಮಾತೇ ಒಂದು ತೂಕ. ಕೈ ಬೇಕು, ಹೆಸರು ಬೇಡ.

ಅವನು ಗೇಜು ಬಿಚ್ಚಿ ಒರೆಸಿ ಚೀಲಕ್ಕೆ ಹಾಕಿದ. ಸ್ಪ್ಯಾನರು ಹಾಕಿದ. ಚೀಲದ ಬಾಯಿ ಕಟ್ಟಿದ. "ಉಳದ ಹತ್ತೂ ಮನಿಗೆ ಈಗಿಂದೀಗ ಫೋನ್ ಮಾಡ್ರಿ, ಬೂಚು ತಗಿಯೂತನಕ ಗೀಸರ್ ಹಚ್ಚಬ್ಯಾಡ್ರಿ ಅಂತ," ಎಂದ. ಆಮೇಲೆ ಕೈಕಾಲು ತೊಳೆದು ಬಂದು ಸೇವಂತಿ ಅಕ್ಕನ ಅಡಿಗೆಮನೆಯ ಮಣೆಯ ಮೇಲೆ ಕೂತ.

"ಅಕ್ಕಾರ, ದ್ವಾಸಿ ಹಾಕ್ರಿ."

"ಏ, ಕೆಲಸ?" ಎಂದರು ಸೇಠರು.

"ನೆಂಟ್ರು ಕೆಲಸ ಮಾಡೂದಿಲ್ರಿ ಸೇಠ್. ಉಂಡು ಹೋಗ್ತಾರ."

ಸೇವಂತಿ ಅಕ್ಕ ಕಾವಲಿಗೆ ಹಿಟ್ಟು ಹೊಯ್ದರು. ಸೇಠರು ಫೋನು ಮಾಡಲು ಇಳಿದು ಹೋದರು. ಮೊದಲನೆಯ ನೀರುದೋಸೆ ತಟ್ಟೆಗೆ ಬೀಳುವಷ್ಟರಲ್ಲಿ ಫೋನಿನ ಸುದ್ದಿ ಬಿ ವಿಂಗಿನಲ್ಲಿ ಓಡಾಡಿತ್ತು. ಎರಡನೆಯದಕ್ಕೆ 401ರವರು ಬಾಗಿಲಿಗೆ ಬಂದರು, ನಾಲ್ಕನೆಯದಕ್ಕೆ ಮೆಟ್ಟಿಲ ತುಂಬ ಜನ. ಅರ್ಧ ಸ್ನಾನ ಮಾಡಿದವರು, ಸ್ನಾನ ಮಾಡದವರು. ಬಾಷಾಭಾಯ್, ನಮ್ಮದು ಮೊದಲು ನೋಡಿ. ಬಾಷಾ ತಲೆಯೆತ್ತಲಿಲ್ಲ. ಕಾಯಿಚಟ್ನಿ ಚೆನ್ನಾಗಿದೆ ಎಂದ. ಸೆಕ್ರೆಟರಿಯನ್ನು ಕೇಳಿ, ನಾನು ನೆಂಟ ಎಂದ. ಹತ್ತು ಬೂಚುಗಳು ತಲೆಯಲ್ಲಿ ಕೂತಿದ್ದವು. ಆದರೂ ಐದನೆಯ ದೋಸೆ ಹಾಕಿಸಿಕೊಂಡ.

ಜನರೆಲ್ಲ 202ಕ್ಕೆ ಇಳಿದರು. ಕೆಳಗಿನಿಂದ ಗಲಾಟೆ ಕೇಳಿತು, ಅದರಲ್ಲಿ ಎಲ್ಲರಿಗಿಂತ ದೊಡ್ಡ ದನಿ ನಮಿತಾ ಅವರದ್ದು. ಆಮೇಲೆ ಗಲಾಟೆ ಮೆಟ್ಟಿಲಿಳಿದು ಗೇಟಿನ ಕಡೆ ಹೋಯಿತು. ಸೇವಂತಿ ಅಕ್ಕ ಕಿಟಕಿಯಿಂದ ನೋಡಿದರು.

"ಕೀಳ್ತಾ ಇದ್ದಾರೆ," ಎಂದರು. "ಬರ್ತಾ ಇಲ್ಲ. ಟೇಪು ಗಟ್ಟಿ ಉಂಟು. ಸುಣ್ಣದ ಹಕ್ಕಳೆ ಸಮೇತ ಕಿತ್ತು ಬರ್ತಾ ಉಂಟು."

ಬಾಷಾ ಕೈ ತೊಳೆದು ಎದ್ದ. ಅರ್ಧ ಮೆಟ್ಟಿಲಿನಲ್ಲಿ ಕಿಶೋರ ಸೇಠರು ಎದುರಾದರು, ಉಗುರಿನಲ್ಲಿ ಸುಣ್ಣ ಮೆತ್ತಿತ್ತು. "ತೆಗೆದಾಯ್ತು ಮಾರಾಯ್ರೆ," ಎಂದರು ಬೇರೆ ಕಡೆ ನೋಡುತ್ತ. "ಇನ್ನಾದ್ರೂ ಶುರು ಮಾಡಿ. 401ರಿಂದ ಮಾಡಿ."

'ಮಾಡಿ' ಎಂದಿದ್ದರು. ಬಾಷಾ ಅದನ್ನು ಗಮನಿಸಿದ. ಆದರೆ 401ಕ್ಕೆ ಹತ್ತಲಿಲ್ಲ. ಅವರ ಪಕ್ಕದಿಂದ ಕೆಳಗಿಳಿದು, ಅಂಗಳ ದಾಟಿ, ಗೇಟಿನಿಂದ ಹೊರಗೆ ಬೀದಿಗೆ ಹೋದ. ಸೇಠರೂ ಮೆಟ್ಟಿಲ ಜನರೂ ಅವನ ಹಿಂದೆ ಬಂದು ಗೇಟಿನ ಒಳಗೆ ನಿಂತರು. ಹೋಗಿಯೇಬಿಟ್ಟ ಎಂದು ಯಾರೋ ಅಂದರು.

ಬೀದಿಯಲ್ಲಿ ಬಾಷಾ ತಿರುಗಿ ನಿಂತ. ಗೋಡೆಯ ಮೇಲೆ ಕಾಗದವಿದ್ದ ಜಾಗದಲ್ಲಿ ಬಣ್ಣ ಕಿತ್ತ ನಾಲ್ಕು ಮೂಲೆಗಳು ಕಾಣುತ್ತಿದ್ದವು. ಅವನು ಮತ್ತೆ ಗೇಟಿನ ಹತ್ತಿರ ಬಂದು ಚೀಲ ಕೆಳಗಿಟ್ಟು, ವಾಚ್‌ಮನ್‌ನ ಪುಸ್ತಕ ತಾನೇ ತೆರೆದ. 'ಗೆಸ್ಟ್' ಎಂದಿದ್ದ ಸಾಲಿನ ಕೆಳಗೆ ಹೊಸ ಸಾಲಿನಲ್ಲಿ ತನ್ನ ಹೆಸರು ಬರೆದು, ಪೆನ್ನನ್ನು ಕಿಶೋರ ಸೇಠರ ಕಡೆ ಚಾಚಿದ.

"ಕಾರಣ ನೀವ ಬರೀರಿ," ಎಂದ.

ಸೇಠರು ಪೆನ್ನು ತೆಗೆದುಕೊಂಡರು. ಸುಣ್ಣದ ಕೈಯಿಂದ, ಎಲ್ಲರೂ ನೋಡುತ್ತಿರುವಾಗ, ಪ್ಲಂಬರ್ ಎಂದು ಬರೆದರು. ಬಾಷಾ ಅದನ್ನು ಒಂದು ಸಲ ಓದಿ, ಚೀಲ ಎತ್ತಿಕೊಂಡು, ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ 401ಕ್ಕೆ ಓಡಿದ.